ಪ್ರಾಡರ್-ವಿಲ್ಲಿ ಮಕ್ಕಳು: ಕಾಯಿಲೆ ಒಂದೇ, ನಡವಳಿಕೆ ಯಾಕೆ ಇಷ್ಟು ಬೇರೆ ಬೇರೆ? ನಿಮ್ಮ ಮಕ್ಕಳು ಹೇಗೆ, ಹೇಳಿ

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ಪ್ರಾಡರ್-ವಿಲ್ಲಿ (ಹುಟ್ಟಿನಿಂದಲೇ ಇರೋ ಜೀನ್ ಕಾಯಿಲೆ, ಎಷ್ಟು ತಿಂದ್ರೂ ಹೊಟ್ಟೆ ತುಂಬಿದ್ದು ಗೊತ್ತಾಗಲ್ಲ) ಇರೋ ಮಕ್ಕಳ ಅಪ್ಪ ಅಮ್ಮ ಯಾರಾದ್ರೂ ಇದ್ರೆ ದಯವಿಟ್ಟು ಓದಿ, ಸ್ವಲ್ಪ ಉದ್ದ ಆಗುತ್ತೆ. ನನ್ನ ಮಗನಿಗೆ 9 ವರ್ಷ. ಹುಟ್ಟಿದಾಗ ಮೈಯೆಲ್ಲ ಹತ್ತಿ ಥರ ಮೆತ್ತಗೆ, ಅಳೋಕೂ ಶಕ್ತಿ ಇರ್ಲಿಲ್ಲ, ಎದೆಹಾಲು ಎಳೀತಾನೇ ಇರ್ಲಿಲ್ಲ, ಮೊದಲು ಮೂಗಿನ ಟ್ಯೂಬು, ಆಮೇಲೆ ಮೂರು ತಿಂಗಳು ಒಳಲೆಲಿ ಹನಿ ಹನಿ ಕುಡಿಸಿದ್ದು. ಒಂದು ಗುಟುಕು ಜಾಸ್ತಿ ಕುಡಿದ್ರೆ ದೇವರಿಗೆ ಕೈ ಮುಗೀತಿದ್ದೆ. ಈಗ ಅದೇ ಮಗು ಊಟ ಆಗಿ ಹತ್ತು ನಿಮಿಷಕ್ಕೆ ಡಬ್ಬ ತಡಕುತ್ತೆ, ಅಡುಗೆಮನೆಗೆ ಬೀಗ ಹಾಕಿದೀವಿ, ಬೀಗದಕೈ ನನ್ನ ಕುತ್ತಿಗೇಲಿ.

ಇವನದ್ದು ಡಿಲೀಶನ್, ಅಂದ್ರೆ ಕ್ರೋಮೋಸೋಮಿನ ಒಂದು ತುಂಡು ಇಲ್ಲ, ಅಂತ ರಿಪೋರ್ಟ್. ಕೂದಲು ಕೆಂಚು, ಮನೇಲಿ ಯಾರಿಗೂ ಹಾಗಿಲ್ಲ. ಸೊಳ್ಳೆ ಕಚ್ಚಿದ ಒಂದು ಗುಳ್ಳೆ ಸಾಕು, ಕಿತ್ತು ಕಿತ್ತು ಗಾಯ ಮಾಡ್ಕೊಂಡು ತಿಂಗಳಾದ್ರೂ ಒಣಗೋಕೆ ಬಿಡಲ್ಲ. ಆದ್ರೆ ತುಂಡು ಜೋಡಿಸಿ ಚಿತ್ರ ಮಾಡೋ ಪಜಲ್ ಕೊಟ್ರೆ ನಾನು ಗಂಟೆ ಕೂತ್ರೂ ಆಗದೇ ಇರೋದನ್ನ ಇವನು ಮಾತೇ ಆಡದೆ ಮುಗಿಸಿ ಎದ್ದು ಹೋಗ್ತಾನೆ.

ಹೋದ ವಾರ ಬೆಂಗಳೂರಲ್ಲಿ ಡಾಕ್ಟರ್ ಹತ್ರ ಹೋದಾಗ ಪಕ್ಕದಲ್ಲಿ ಇನ್ನೊಬ್ಬ ತಾಯಿ, 10 ವರ್ಷದ ಮಗಳು, ಅವಳಿಗೂ ಇದೇ ಕಾಯಿಲೆ ಆದ್ರೆ ಯುಪಿಡಿ ಅನ್ನೋ ಇನ್ನೊಂದು ಥರ ಅಂತೆ. ಆ ಹುಡುಗಿ ಎಷ್ಟು ಚೆನ್ನಾಗಿ ಮಾತಾಡ್ತಾಳೆ ಗೊತ್ತಾ, ದೊಡ್ಡವರ ಥರ ಪೂರ್ತಿ ವಾಕ್ಯ. ಕೈಯಲ್ಲಿ ಒಂದು ಗಾಯ ಇಲ್ಲ. ನನ್ನ ಮಗ ಅವರ ಬ್ಯಾಗಿಗೆ ಕೈ ಹಾಕಿ ಬಿಸ್ಕೆಟ್ ತೆಗೆದ. ಜೊತೆಗೆ ಬಂದಿದ್ದ ನಮ್ಮ ಅತ್ತಿಗೆ ಅಲ್ಲೇ, ಅವರ ಎದುರಿಗೇ, "ಅದಕ್ಕೂ ಇದೇ ಕಾಯಿಲೆ ತಾನೇ, ಎಷ್ಟು ನೀಟಾಗಿ ಕೂತಿದೆ ನೋಡು, ನೀನು ಶಿಸ್ತು ಕಲಿಸಲಿಲ್ಲ" ಅಂದುಬಿಟ್ರು. ನಂಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಸ್ವಲ್ಪ ಹೊತ್ತಿಗೆ ನರ್ಸ್ ಬಂದು ಎಮರ್ಜೆನ್ಸಿ ಕೇಸ್ ಇದೆ, ನಿಮ್ಮದು ಎರಡು ಟೋಕನ್ ಆದ್ಮೇಲೆ ಅಂದ್ರು. ಅಷ್ಟೇ, ಆ ಹುಡುಗಿ ನೆಲಕ್ಕೆ ಬಿದ್ದು ಮುಕ್ಕಾಲು ಗಂಟೆ ಕಿರುಚಿದ್ಲು, "ಈಗ ನಮ್ಮ ನಂಬರ್, ಈಗ ನಮ್ಮ ನಂಬರ್" ಅಂತ. ಅವಳ ಅಮ್ಮನ ಮುಖ ನೋಡೋಕಾಗ್ಲಿಲ್ಲ. ನನ್ನ ಮಗ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರ್ತಿದ್ದ.

ಅವತ್ತಿಂದ ಇದೇ ತಲೇಲಿ. ನಿಮ್ಮ ಮಕ್ಕಳದ್ದು ಯಾವ ಥರ, ಅವರು ಹೇಗೆ ನಡ್ಕೋತಾರೆ, ಬರೀತೀರಾ?

ಧಾರವಾಡ ಅಪ್ಪ

ಅಕ್ಕಾರ, ಓದಿ ಕಣ್ಣಾಗ ನೀರು ಬಂತ್ರಿ. ನಮ್ಮ ಹುಡುಗಿಗೆ 14. ನಮ್ಮ ರಿಪೋರ್ಟ್ನ್ಯಾಗ ಮಿಥೈಲೇಶನ್ ಪಾಸಿಟಿವ್, ಅಂದ್ರ ಈ ಕಾಯಿಲೆ ಐತಿ, ಅಂತ ಅಷ್ಟ ಐತಿ, ಯಾವ ಥರ ಅಂತ ಯಾರೂ ಹೇಳಿಲ್ಲ, ನಾವೂ ಕೇಳಿಲ್ಲ. ಆಕಿ ಗಾಯ ಕೆರಕೊಳ್ಳೂದಿಲ್ಲ. ಆದ್ರ ಪ್ರಶ್ನೆ! ನಾಳೆ ಬೆಳಗಾವಿಗೆ ಹೋಗೂದೈತಿ ಅಂದ್ರ ಮುಗೀತು, ಬಸ್ಸು ಎಷ್ಟಕ್ಕ, ಬಸ್ಸು ಎಷ್ಟಕ್ಕ, ಉತ್ತರ ಹೇಳಿದ ಮ್ಯಾಲೂ ಅದ ಪ್ರಶ್ನೆ, ಒಮ್ಮೆ ಎಣಿಸಿದೆ, ಊಟದ ಹೊತ್ತಿಗೆ 40 ಆಗಿತ್ತು. ನಾ ಸಿಟ್ಟಿಗೆದ್ದು ಬೈದೆ, ಆಕಿ ಅತ್ತಳು, ಮತ್ತ ಅದ ಕೇಳಿದಳು.

ಇನ್ನೊಂದು ಹೇಳ್ಬೇಕು. ಹೋದ ವರ್ಷ ನಮ್ಮ ತಂಗಿ ಮಗನ ಮದುವ್ಯಾಗ ಎಲ್ಲಾರೂ ಕೆಲಸದಾಗ ಇದ್ರು, ಆಕಿ ಪಂಕ್ತಿಯಿಂದ ಪಂಕ್ತಿಗೆ ಕುಂತು ಎಷ್ಟು ಹೋಳಿಗಿ ತಿಂದಳೋ ದೇವರಿಗೇ ಗೊತ್ತು, ಬಡಸಾವ್ರು ಹೆಣ್ಣಮಗಳು ಪಾಪ ಅಂತ ಹಾಕ್ಕೋತ ಹೋದ್ರು. ರಾತ್ರಿ ಹೊಟ್ಟಿ ಉಬ್ಬಿ ಕಲ್ಲಾತು, ವಾಂತಿ ಶುರುವಾತು. ಆಕಿ ಹುಟ್ಟಿದಾಗಿಂದ ವಾಂತಿ ಮಾಡಿದ್ದ ನಾ ನೋಡಿದ್ದಿಲ್ಲ. ಹುಬ್ಬಳ್ಳಿಗೆ ಓಡಿದ್ವಿ, ಎರಡು ದಿನ ಅಡ್ಮಿಟ್. ದೇವರ ದಯೆ, ಉಳದಳು.

ನನ್ನ ಪ್ರಶ್ನೆ ಇಷ್ಟ: ಥರ ಯಾವುದು ಅಂತ ಗೊತ್ತಾದ್ರ ಏನರ ಉಪಯೋಗ ಐತೇನು?

ಜೆನೆಟಿಕ್ ಕೌನ್ಸೆಲರ್, ಬೆಂಗಳೂರು

ಸರ್, ನಿಮ್ಮ ಎರಡನೇ ವಿಷಯ ಮೊದಲು, ಎಲ್ರೂ ದಯವಿಟ್ಟು ನೆನಪಿಟ್ಕೊಳ್ಳಿ. ಈ ಮಕ್ಕಳಲ್ಲಿ ವಾಂತಿ ಬಹಳ ಅಪರೂಪ, ನೋವು ಗೊತ್ತಾಗೋದೂ ಕಮ್ಮಿ. ಹಾಗಾಗಿ ಜಾಸ್ತಿ ತಿಂದ ಮೇಲೆ ಹೊಟ್ಟೆ ಉಬ್ಬಿ ವಾಂತಿ ಆದ್ರೆ ಅಥವಾ ಹೊಟ್ಟೆನೋವು ಅಂದ್ರೆ ಓಮಕಾಳು ಕೊಟ್ಟು ಬೆಳಗಿನ ತನಕ ಕಾಯಬೇಡಿ. ಹೊಟ್ಟೆಯ ಗೋಡೆಗೆ ರಕ್ತ ಹೋಗೋದು ನಿಂತು, ಆ ಗೋಡೆಯೇ ಹರಿದು ಪ್ರಾಣ ಹೋದ ಕೇಸ್‌ಗಳು ಜಗತ್ತಲ್ಲಿ ದಾಖಲಾಗಿವೆ. ನೀವು ಆ ರಾತ್ರೀನೇ ಓಡಿದ್ದು ಸರಿಯಾಗಿ ಮಾಡಿದ್ರಿ.

ಈಗ ಥರದ ವಿಷಯ. 1956ರಲ್ಲಿ ಜ್ಯೂರಿಕ್‌ನಲ್ಲಿ ಪ್ರಾಡರ್, ಲಾಬ್‌ಹಾರ್ಟ್, ವಿಲ್ಲಿ ಅನ್ನೋ ಮೂವರು ಡಾಕ್ಟರ್‌ಗಳು ಇದನ್ನ ವಿವರಿಸಿದ್ರು, ಕಾರಣ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ನಮಗೆಲ್ಲ 15ನೇ ಕ್ರೋಮೋಸೋಮು ಎರಡು, ಅಪ್ಪನಿಂದ ಒಂದು ಅಮ್ಮನಿಂದ ಒಂದು. ಅದರ ಒಂದು ಜಾಗದಲ್ಲಿ ಕೆಲವು ಜೀನ್‌ಗಳು ಅಪ್ಪನ ಕಡೆಯ ಪ್ರತಿಯಲ್ಲಿ ಮಾತ್ರ ಕೆಲಸ ಮಾಡ್ತವೆ, ಅಮ್ಮನ ಪ್ರತಿ ಹುಟ್ಟಾ ಮೌನ, ಎಲ್ಲರಲ್ಲೂ ಹಾಗೇ. ಅಪ್ಪನ ಪ್ರತಿಯಲ್ಲಿ ಆ ತುಂಡೇ ಉದುರಿ ಹೋಗಿದ್ರೆ ಡಿಲೀಶನ್, ಹತ್ತು ಮಕ್ಕಳಲ್ಲಿ ಆರೇಳು ಮಕ್ಕಳದ್ದು ಇದೇ. ಎರಡೂ ಪ್ರತಿ ಅಮ್ಮನಿಂದಲೇ ಬಂದು ಅಪ್ಪನದ್ದು ಬರದೇ ಇದ್ರೆ ಯುಪಿಡಿ, ಮೂರು ನಾಲ್ಕು ಮಕ್ಕಳಲ್ಲಿ ಒಬ್ಬರದ್ದು. ಇನ್ನು 100ರಲ್ಲಿ ಒಂದರಿಂದ ಮೂರು ಮಕ್ಕಳಲ್ಲಿ ಅಪ್ಪನ ಪ್ರತಿ ಇದ್ರೂ ಅದರ ಸ್ವಿಚ್ಚೇ ಆಫ್ ಆಗಿರುತ್ತೆ, ಇಂಪ್ರಿಂಟಿಂಗ್ ದೋಷ ಅಂತೀವಿ.

ಹಾಸನದ ಮೇಡಂ, ನಿಮ್ಮ ಮಗನ ಕೆಂಚುಗೂದಲಿಗೂ ಉತ್ತರ ಇಲ್ಲೇ ಇದೆ. ಉದುರಿ ಹೋದ ತುಂಡಿನ ಒಳಗೇ ಬಣ್ಣಕ್ಕೆ ಸಂಬಂಧಪಟ್ಟ ಒಂದು ಜೀನ್ ಇದೆ, ಅದರದ್ದೂ ಒಂದು ಪ್ರತಿ ಹೋಗಿರುತ್ತೆ, ಅದಕ್ಕೇ ಡಿಲೀಶನ್ ಮಕ್ಕಳಲ್ಲಿ ಎಷ್ಟೋ ಜನ ಮನೆಯವರಿಗಿಂತ ತುಸು ಬಿಳಿ. ಯುಪಿಡಿಯಲ್ಲಿ ಆ ಜೀನ್ ಎರಡೂ ಇರುತ್ತೆ. ಗಾಯ ಕೀಳೋದು, ಪಜಲ್‌ನಲ್ಲಿ ಅಸಾಧ್ಯ ಚುರುಕು, ಇವು ಡಿಲೀಶನ್ ಗುಂಪಲ್ಲಿ ಹೆಚ್ಚು. ಯುಪಿಡಿ ಗುಂಪಲ್ಲಿ ಮಾತಿನ ಶಕ್ತಿ ಸಾಮಾನ್ಯವಾಗಿ ಮೇಲೆ, ಆದ್ರೆ ಆಟಿಸಂ ಲಕ್ಷಣಗಳು ಹೆಚ್ಚು, ದೊಡ್ಡವರಾದಾಗ ಮಾನಸಿಕ ಕಾಯಿಲೆಯ ಅಪಾಯ ಸ್ಪಷ್ಟವಾಗಿ ಹೆಚ್ಚು. ಡಿಲೀಶನ್ ಒಳಗೇ ತುಂಡಿನ ಉದ್ದ ಎರಡು ಥರ, ಉದ್ದದ್ದರಲ್ಲಿ ಇನ್ನೂ ನಾಲ್ಕು ಜೀನ್ ಜಾಸ್ತಿ ಹೋಗಿರುತ್ತೆ, ಅವರಲ್ಲಿ ಹಟ ಮತ್ತು ಮಾಡಿದ್ದನ್ನೇ ಮಾಡೋದು ಜಾಸ್ತಿ ಅಂತ ಕೆಲವು ಅಧ್ಯಯನ ಹೇಳಿದ್ವು, ಬೇರೆಯವರು ನೋಡಿದಾಗ ಅಷ್ಟು ವ್ಯತ್ಯಾಸ ಸಿಗಲಿಲ್ಲ.

ಇದೆಲ್ಲ ಗುಂಪಿನ ಲೆಕ್ಕ. ಗಾಯ ಕೀಳೋ ಯುಪಿಡಿ ಮಕ್ಕಳನ್ನೂ, ಎದುರಿಗೆ ಲಾಡು ಇಟ್ರೂ ಕೇಳಿ ತಗೊಳ್ಳೋ ಡಿಲೀಶನ್ ಹುಡುಗನನ್ನೂ ನಾನೇ ನೋಡಿದೀನಿ. ಹಸಿವು ಎರಡೂ ಕಡೆ ಇದೆ. ಒಬ್ಬರು ಬ್ಯಾಗಿಗೆ ಕೈ ಹಾಕ್ತಾರೆ, ಒಬ್ಬರು ಬಾಯಲ್ಲಿ ವಾದ ಮಾಡ್ತಾರೆ, ಹೊರಗಿನವರಿಗೆ ಮೊದಲನೆಯದ್ದು ಕಳ್ಳತನ ಥರ ಕಾಣುತ್ತೆ ಅಷ್ಟೇ. ಶಿಸ್ತಿಗೂ ಇದಕ್ಕೂ ಸಂಬಂಧ ಇಲ್ಲ ಮೇಡಂ, ನಿಮ್ಮ ಅತ್ತಿಗೆಗೆ ಇದನ್ನೇ ಓದಿ ಹೇಳಿ. ಹೊಟ್ಟೆ ತುಂಬ್ತು ಅನ್ನೋ ಸುದ್ದಿ ಮಿದುಳಿಗೆ ಮುಟ್ಟಲ್ಲ, ಹಸಿವಿನ ಹಾರ್ಮೋನು ಗ್ರೆಲಿನ್ ರಕ್ತದಲ್ಲಿ ಮೇಲೇ ಇರುತ್ತೆ.

ಧಾರವಾಡದ ಸರ್, ಉಪಯೋಗ ಖಂಡಿತ ಇದೆ. ಎಂಎಸ್-ಎಂಎಲ್‌ಪಿಎ ಅಂತ ಒಂದು ಟೆಸ್ಟಲ್ಲಿ ಮಿಥೈಲೇಶನ್ನೂ ಡಿಲೀಶನ್ನೂ ಒಟ್ಟಿಗೆ ಗೊತ್ತಾಗುತ್ತೆ. ಡಿಲೀಶನ್ ಇಲ್ಲ ಅಂದ್ರೆ ನಿಮ್ಮಿಬ್ಬರ ರಕ್ತಾನೂ ಬೇಕಾಗುತ್ತೆ. ಹದಿನಾಲ್ಕು ಅಂದ್ರೆ ಮುಂದಿನ ಹತ್ತು ವರ್ಷ ಏನನ್ನ ಗಮನಿಸ್ತಾ ಇರ್ಬೇಕು ಅಂತ ಗೊತ್ತಾಗುತ್ತೆ.

ಮಂಗಳೂರು ಅಮ್ಮ

ನಮ್ಮದು ಯುಪಿಡಿ, ಮಗನಿಗೆ 12. ಹಾಸನದವರು ಬರೆದ ಟೋಕನ್ ಕಥೆ ನಮ್ಮ ಮನೆಯಲ್ಲಿ ದಿನಾ ಉಂಟು. ಒಮ್ಮೆ ರಸ್ತೆ ಕೆಲಸ ಅಂತ ಸ್ಕೂಲ್ ವ್ಯಾನು ಬೇರೆ ದಾರಿಯಲ್ಲಿ ಹೋಯ್ತು, ಆ ಒಂದು ತಿರುವಿಗೆ ಇವ ಸೀಟು ಹರಿದು ಹಾಕಿದ್ದಾನೆ. ಅಂಕಿ ಸಂಖ್ಯೆ, ದಿನಾಂಕ, ಯಾರ ಮದುವೆ ಯಾವ ವಾರ ಅಂತ ಕೇಳಿ, ಫಟ್ ಅಂತ ಹೇಳ್ತಾನೆ. ಎಲ್ಲರೂ ಎಷ್ಟು ಬುದ್ಧಿವಂತ ಅಂತಾರೆ, ಅದೇ ನಮಗೆ ಕಷ್ಟ ಮಾರಾಯ್ರೆ, ಇಷ್ಟು ಮಾತಾಡುವವನಿಗೆ ಒಂದು ಸಣ್ಣ ಬದಲಾವಣೆ ತಡ್ಕೊಳ್ಲಿಕ್ಕೆ ಆಗುವುದಿಲ್ಲವಾ, ನಾಟಕ ಮಾಡ್ತಾನೆ ಅಂತ ಟೀಚರೇ ಹೇಳ್ತಾರೆ. ಮಾತು ಚೆನ್ನಾಗಿದ್ದರೆ ಕಾಯಿಲೆ ಕಾಣುವುದಿಲ್ಲ ನೋಡಿ.

ನಮಗೆ ಥೆರಪಿಸ್ಟ್ ಒಬ್ಬರು ಹೇಳಿದ್ದು: ಇವರ ಮಿದುಳಿಗೆ ಒಂದು ಹಳಿಯಿಂದ ಇನ್ನೊಂದು ಹಳಿಗೆ ಹಾರುವುದು ಕಷ್ಟ, ಹಟ ಅಂತ ನೋಡ್ಬೇಡಿ. ಅವತ್ತಿಂದ ಫ್ರಿಜ್ಜಿನ ಮೇಲೆ ದಿನದ ಚೀಟಿ ಅಂಟಿಸ್ತೇನೆ, ಏಳುವುದು, ಸ್ನಾನ, ಎಷ್ಟು ಗಂಟೆಗೆ ಏನು ತಿಂಡಿ, ಎಷ್ಟು ದೋಸೆ, ಎಲ್ಲ. ಕೊನೆಯಲ್ಲಿ ಒಂದು ಸಾಲು ಖಾಲಿ, ಅಲ್ಲಿ "ಇವತ್ತು ಬದಲಾಗಬಹುದಾದ್ದು" ಅಂತ ಬರೀತೇನೆ. ಪ್ರಶ್ನೆ ಕೇಳಿದರೆ ಬಾಯಲ್ಲಿ ಉತ್ತರ ಕೊಡುವುದಿಲ್ಲ, ಚೀಟಿ ತೋರಿಸ್ತೇನೆ. ಧಾರವಾಡದವರೇ, ನಿಮ್ಮ ಬಸ್ಸಿನ ಪ್ರಶ್ನೆಗೆ ಇದನ್ನೊಮ್ಮೆ ಮಾಡಿ ನೋಡಿ. ಪೂರ್ತಿ ನಿಲ್ಲುವುದಿಲ್ಲ, 40 ಇದ್ದದ್ದು 10 ಆಗ್ತದೆ, ಅಷ್ಟೂ ದೊಡ್ಡದೇ.

ಹೊಸಬ, ಚಿಕ್ಕಮಗಳೂರು

ನನಗೆ ಈ ಕಾಯಿಲೆ ಬಗ್ಗೆ ಇವತ್ತೇ ಗೊತ್ತಾಗಿದ್ದು. ತಪ್ಪು ತಿಳೀಬೇಡಿ, ಮಗು ಹಸಿವು ಅಂತ ಅಳುವಾಗ ಅಡುಗೆಮನೆಗೆ ಬೀಗ ಹಾಕೋದು ಕ್ರೂರ ಅನ್ನಿಸಲ್ವಾ? ಹೊಟ್ಟೆ ತುಂಬಾ ಕೊಟ್ಟುಬಿಟ್ರೆ ತಾನೇ ಸಾಕು ಅನ್ನಲ್ವಾ?

ಹಾಸನದ ಅಮ್ಮ

ಅಣ್ಣ, ಬೇಜಾರಿಲ್ಲ, ಮೊದಲು ನಾನೂ ಹಾಗೇ ಅನ್ಕೊಂಡಿದ್ದೆ. ಸಾಕು ಅನ್ನೋದು ಬರೋದೇ ಇಲ್ಲ. ಅವನ ವಯಸ್ಸಿನ ಬೇರೆ ಮಕ್ಕಳಿಗೆ ಬೇಕಾಗೋ ಕ್ಯಾಲೋರಿಯಲ್ಲಿ 60ರಿಂದ 80 ಪರ್ಸೆಂಟೇ ಅವನಿಗೆ ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ತೂಕ ಏರುತ್ತೆ, ಮಾಂಸಖಂಡ ಕಮ್ಮಿ ಇರೋದ್ರಿಂದ. ಬೀಗ ಹಾಕೋ ಮೊದಲು ದಿನವಿಡೀ ಅವನಿಗೆ ಒಂದೇ ಯೋಚನೆ, ಈಗ ಅಮ್ಮ ಸ್ನಾನಕ್ಕೆ ಹೋದ್ರೆ ಸಿಗುತ್ತಾ, ಈಗ ಸಿಗುತ್ತಾ ಅಂತ. ಆಟಾನೂ ಆಡ್ತಿರ್ಲಿಲ್ಲ. ಬೀಗ ಬಿದ್ದ ಮೇಲೆ, ಟೈಮಿಗೆ ಸರಿಯಾಗಿ ತಿಂಡಿ ಬಂದೇ ಬರುತ್ತೆ, ಮಧ್ಯ ಸಿಗೋದೇ ಇಲ್ಲ ಅಂತ ಗೊತ್ತಾದ ಮೇಲೆ, ಅವನು ಪಜಲ್ ಮುಂದೆ ಕೂತಿದ್ದು. ಆ ನೆಮ್ಮದಿ ನೋಡಿದ್ರೆ ನೀವು ಕ್ರೂರ ಅನ್ನಲ್ಲ.

ಮೈಸೂರು ಅಜ್ಜಿ

(ಮೊಮ್ಮಗಳ ಕೈಲಿ ಟೈಪ್ ಮಾಡಿಸ್ತಿದೀನಿ.) ನಾನು ಒಂದು ತಪ್ಪು ಮಾಡಿದೀನಿ, ಇಲ್ಲಾದ್ರೂ ಹೇಳ್ಕೋತೀನಿ. ನನ್ನ ಮಗಳ ಮಗನಿಗೆ ಈ ಕಾಯಿಲೆ. ಅವಳು ತೂಗಿ ಅಳೆದು ಕೊಡೋದು ನೋಡಿ ನಂಗೆ ಕರುಳು ಕಿತ್ತು ಬರ್ತಿತ್ತು, ಸೆರಗಲ್ಲಿ ಕೋಡುಬಳೆ ಬಚ್ಚಿಟ್ಕೊಂಡು ಹಿತ್ತಲಲ್ಲಿ ಕೊಡ್ತಿದ್ದೆ. ನಾನು ಹೋದಾಗಲೆಲ್ಲ ಕೂಸು ಓಡಿ ಬಂದು ಸೆರಗು ಹಿಡೀತಿತ್ತು, ನನ್ನ ಮೇಲೆ ಎಷ್ಟು ಪ್ರೀತಿ ಅಂತ ಹಿಗ್ಗಿದ್ದೆ. ಆದ್ರೆ ನಾನು ಊರಿಗೆ ಹೊರಟ ಮೇಲೆ ನಾಲ್ಕು ನಾಲ್ಕು ದಿನ ಮನೇಲಿ ರಂಪ, ಅಮ್ಮಂಗೆ ಕಚ್ಚೋದು, ಹಿತ್ತಲ ಬಾಗಿಲು ಒದೆಯೋದು. ಕಾರಣ ನಾನೇ ಅಂತ ಎರಡು ವರ್ಷ ಆದ್ಮೇಲೆ ಗೊತ್ತಾಯ್ತು. ಅಜ್ಜಿ ಬಂದ್ರೆ ಸಿಗಬಹುದು ಅನ್ನೋ ಆಸೆ ಆ ಮಗುವಿಗೆ ಹಿಂಸೆ. ಈಗ ಬರುವಾಗ ತಿಂಡಿ ತರಲ್ಲ, ಬಣ್ಣದ ದಾರ ತರ್ತೀನಿ, ಇಬ್ಬರೂ ಕೂತು ಹೂವು ಪೋಣಿಸ್ತೀವಿ. ಅಜ್ಜಿ ತಾತಂದಿರಿಗೆ ನೀವೆಲ್ಲ ಬೈದು ಹೇಳಬೇಡಿ, ಕೂರಿಸಿ ಬಿಡಿಸಿ ಹೇಳಿ.

ಮಂಗಳೂರು ಅಮ್ಮ

ಅಜ್ಜಿ, ನಿಮ್ಮ ಕಾಲಿಗೆ ಬೀಳ್ಬೇಕು ಅನ್ನಿಸ್ತಾ ಉಂಟು. ನಮ್ಮ ಮನೆ ದೊಡ್ಡವರಿಗೆ ಇದನ್ನು ಇವತ್ತೇ ಓದಿ ಹೇಳ್ತೇನೆ.

ಇನ್ನೊಂದು, ಕೌನ್ಸೆಲರ್ ಮೇಡಂ, ಕೇಳ್ಲಿಕ್ಕೆ ಸಂಕಟ ಆಗ್ತದೆ. ನಾನು 37ರಲ್ಲಿ ಹೆತ್ತದ್ದು. ಎರಡೂ ಪ್ರತಿ ತಾಯಿಯದ್ದೇ ಅಂತ ರಿಪೋರ್ಟ್ ಬಂದ ದಿನದಿಂದ ಗಂಡನ ಮನೆಯಲ್ಲಿ ನನ್ನದೇ ದೋಷ ಅಂತ ಆಗಿದೆ.

ಜೆನೆಟಿಕ್ ಕೌನ್ಸೆಲರ್, ಬೆಂಗಳೂರು

ತಾಯಿ ವಯಸ್ಸು ಹೆಚ್ಚಿದ್ದಾಗ ಯುಪಿಡಿ ಸ್ವಲ್ಪ ಹೆಚ್ಚು ಕಾಣುತ್ತೆ, ನಿಜ, ಮುಚ್ಚಿಡಲ್ಲ. ಅಂಡಾಣು ಆಗೋವಾಗ ಕ್ರೋಮೋಸೋಮು ಬೇರ್ಪಡೋದು ತಪ್ಪಿದ್ದು, ಅದು ಯಾರ ಕೈಯಲ್ಲೂ ಇಲ್ಲ, ನೀವು ಏನೋ ತಿಂದಿದ್ದರಿಂದಲೋ ಬಿಟ್ಟಿದ್ದರಿಂದಲೋ ಆಗಿದ್ದಲ್ಲ. ಡಿಲೀಶನ್ ಆಗೋದು ಅಪ್ಪನ ಕಡೆ ಪ್ರತಿಯಲ್ಲಿ, ಅದಕ್ಕೆ ಅಪ್ಪನನ್ನ ಯಾರೂ ಬೈಯಲ್ಲ ಅಲ್ವಾ? ಇನ್ನೊಂದು ಮಾತು ನಮ್ಮ ಕಡೆ ಪದೇ ಪದೇ ಬರುತ್ತೆ, ಸೋದರಮಾವನ್ನ ಮದುವೆ ಆಗಿದ್ದಕ್ಕೆ ಹೀಗಾಯ್ತು ಅಂತ. ಡಿಲೀಶನ್ನೂ ಯುಪಿಡಿಯೂ ಸಂಬಂಧದ ಮದುವೆಯಿಂದ ಬರಲ್ಲ. ಸಾಮಾನ್ಯವಾಗಿ ಮುಂದಿನ ಮಗುವಿಗೆ ಬರೋ ಸಾಧ್ಯತೆ 100ಕ್ಕೆ ಒಂದಕ್ಕಿಂತ ಕಮ್ಮಿ. ಇಂಪ್ರಿಂಟಿಂಗ್ ದೋಷದ ಕೆಲವೇ ಕುಟುಂಬಗಳಲ್ಲಿ ಮಾತ್ರ ಅದು ಅರ್ಧಕ್ಕರ್ಧ ಇರಬಹುದು. ಥರ ಯಾವುದು ಅಂತ ತಿಳ್ಕೊಳ್ಳೋಕೆ ಇದೂ ಒಂದು ಕಾರಣ.

ತಮ್ಮನ ಅಕ್ಕ

ಇದನ್ನ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನ್ನ ತಮ್ಮನಿಗೆ 27, ಯುಪಿಡಿ. 22ರ ತನಕ ನಮಗೆಲ್ಲ ಗೊತ್ತಿದ್ದ ಅವನದ್ದೇ ಗಲಾಟೆ, ಅದೇ ಪ್ರಶ್ನೆಗಳು, ಅದೇ ವಾದ, ಅಭ್ಯಾಸ ಆಗಿತ್ತು. ಒಂದು ವಾರದಲ್ಲಿ ಹುಡುಗ ಬೇರೆಯೇ ಆಗ್ಬಿಟ್ಟ. ನಿದ್ದೆ ಇಲ್ಲ, ಪಕ್ಕದ ಮನೆಯವರು ನನ್ನ ಬಗ್ಗೆ ಮಾತಾಡ್ತಿದಾರೆ ಅಂತಾನೆ, ಒಂದು ಕ್ಷಣ ನಗು ಒಂದು ಕ್ಷಣ ಭಯ, ಎಲ್ಲಕ್ಕಿಂತ ನಮಗೆ ಎದೆ ಝಲ್ಲೆಂದಿದ್ದು ಅವನು ಊಟ ಬೇಡ ಅಂದಾಗ. 22 ವರ್ಷದಲ್ಲಿ ಆ ಮಾತು ಕೇಳಿರ್ಲಿಲ್ಲ. ಮೊದಲು ತೋರಿಸಿದ ಕಡೆ ಈ ಸಿಂಡ್ರೋಮಲ್ಲಿ ನಡವಳಿಕೆ ಹೀಗೇ ಇರುತ್ತೆ ಅಂತ ಕಳಿಸಿಬಿಟ್ರು. ಹತ್ತು ದಿನ ವ್ಯರ್ಥ ಆಯ್ತು. ಆಮೇಲೆ ನಿಮ್ಹಾನ್ಸ್‌ಗೆ ಕರ್ಕೊಂಡು ಹೋದ್ವಿ, ಸೈಕೋಸಿಸ್ ಅನ್ನೋ ಮಾನಸಿಕ ಕಾಯಿಲೆ ಅಂತ ಗುರುತಿಸಿ ಕಮ್ಮಿ ಡೋಸಲ್ಲಿ ಮಾತ್ರೆ ಶುರು ಮಾಡಿದ್ರು, ಎರಡು ತಿಂಗಳಲ್ಲಿ ನಮ್ಮ ಹುಡುಗ ವಾಪಸ್ ಬಂದ. ಈಗ ಗಿಡ ನೋಡ್ಕೋತಾನೆ, ಅದೇ ವಾದ, ಅದೇ ಪ್ರಶ್ನೆ, ಆ ಪ್ರಶ್ನೆ ಕೇಳಿದ್ರೇ ನಂಗೆ ಈಗ ಸಮಾಧಾನ.

ಹೆದರಿಸೋಕೆ ಬರೀತಿಲ್ಲ, ಯುಪಿಡಿ ಇರೋ ಎಲ್ಲರಿಗೂ ಆಗುತ್ತೆ ಅಂತಾನೂ ಅಲ್ಲ. ನಿಮ್ಮ ಮಗುವಿನ ಮಾಮೂಲಿ ಗಲಾಟೆ ಹೇಗಿರುತ್ತೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ನಾವು ಬರೆದಿಟ್ಟಿದ್ರೆ ಆ ಮೊದಲ ಡಾಕ್ಟರಿಗೆ ತೋರಿಸಿ ಇದು ಅದಲ್ಲ ಅನ್ನಬಹುದಿತ್ತು.

ತುಮಕೂರು ಮೇಷ್ಟ್ರು

ನಾನು ಸರ್ಕಾರಿ ಶಾಲೆ ಶಿಕ್ಷಕ. ನಮ್ಮ ಕ್ಲಾಸಲ್ಲಿ ಇಂಥ ಒಬ್ಬ ಹುಡುಗ ಇದಾನೆ. ಬಿಸಿಯೂಟದ ಹೊತ್ತಿಗೆ ಎಲ್ಲರ ತಟ್ಟೇಲಿ ಉಳಿದಿದ್ದನ್ನ ತಿಂತಿದ್ದ, ಹುಟ್ಟುಹಬ್ಬದ ಚಾಕಲೇಟ್ ಅಂತ ಯಾರಾದ್ರೂ ಡಬ್ಬ ತಂದ್ರೆ ಅವತ್ತು ಪಾಠ ಮುಗೀತು, ಕಣ್ಣು ಡಬ್ಬದ ಮೇಲೇ. ನಾನೂ ಎರಡು ಸಲ ಹೊಡೆದಿದೀನಿ, ಈಗ ನೆನೆಸ್ಕೊಂಡ್ರೆ ಕೈ ನಡುಗುತ್ತೆ. ಈಗ ಅವನಿಗೆ ಮೊದಲು ಬಡಿಸಿ, ತಿಂದ ತಕ್ಷಣ ಗಿಡಕ್ಕೆ ನೀರು ಹಾಕೋ ಜವಾಬ್ದಾರಿ ಕೊಟ್ಟಿದೀವಿ, ಅಷ್ಟರಲ್ಲಿ ಬೇರೆಯವರ ತಟ್ಟೆ ತೊಳೆದಾಗಿರುತ್ತೆ. ಚಾಕಲೇಟು ಸಂಜೆ ಬೆಲ್ ಆದ್ಮೇಲೆ ಗೇಟ್ ಹತ್ರ. ಪೋಷಕರು ದಯವಿಟ್ಟು ಮೊದಲ ದಿನವೇ ಬಂದು ಹೇಳಿ, ಮುಚ್ಚಿಡಬೇಡಿ, ನಮಗೆ ತರಬೇತೀಲಿ ಇದನ್ನ ಯಾರೂ ಹೇಳ್ಕೊಟ್ಟಿಲ್ಲ.

ಟೆಕ್ಸಾಸ್ ಕನ್ನಡಿಗ

ಮಗಳಿಗೆ 6, ಡಿಲೀಶನ್, ಒಂದು ವರ್ಷದಿಂದ ಗ್ರೋತ್ ಹಾರ್ಮೋನ್ ಇಂಜೆಕ್ಷನ್ ಇದೆ. ಮೈಗೆ ಕಸುವು ಬಂದಿದೆ, ಓಡ್ತಾಳೆ, ಆದ್ರೆ ಹಸಿವಿಗೆ ಅದು ಔಷಧಿ ಅಲ್ಲ. ಹಸಿವಿಗೇ ಅಂತ ಇಲ್ಲಿ 2025ರ ಮಾರ್ಚಲ್ಲಿ ಡಯಾಝಾಕ್ಸೈಡ್ ಕೋಲೀನ್ ಅನ್ನೋ ಮಾತ್ರೆಗೆ ಮೊದಲ ಸಲ ಒಪ್ಪಿಗೆ ಕೊಟ್ರು, 4 ವರ್ಷ ಮೇಲ್ಪಟ್ಟವರಿಗೆ. ಶುಗರ್ ಏರಬಹುದು, ಮೈಯಲ್ಲಿ ನೀರು ತುಂಬಬಹುದು ಅನ್ನೋ ಎಚ್ಚರಿಕೆ ಇದೆ, ಹಾಗಾಗಿ ನಾವಿನ್ನೂ ಡಾಕ್ಟರ್ ಜೊತೆ ಮಾತಾಡ್ತಾ ಇದೀವಿ. ಊರಲ್ಲಿ ಇಂಜೆಕ್ಷನ್ ಖರ್ಚು ಹೇಗೆ ನಿಭಾಯಿಸ್ತೀರಿ?

ಜೆನೆಟಿಕ್ ಕೌನ್ಸೆಲರ್, ಬೆಂಗಳೂರು

2021ರ ರಾಷ್ಟ್ರೀಯ ಅಪರೂಪದ ಕಾಯಿಲೆ ನೀತೀಲಿ ಪ್ರಾಡರ್-ವಿಲ್ಲಿಗೆ ಗ್ರೋತ್ ಹಾರ್ಮೋನ್ ಸೇರಿದೆ, 2022ರಿಂದ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವಿಗೆ ಅವಕಾಶ. ಕೇಂದ್ರ ಸರ್ಕಾರ ಗುರುತಿಸಿರೋ ಸೆಂಟರ್ ಮೂಲಕವೇ ಅರ್ಜಿ ಹೋಗ್ಬೇಕು, ಬೆಂಗಳೂರಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಆಸ್ಪತ್ರೆ ಸೇರಿ ಆ ಜವಾಬ್ದಾರಿ ಇದೆ. ಕಾಯಬೇಕಾಗುತ್ತೆ, ಆದ್ರೂ ಹೆಸರು ಬರೆಸಿಡಿ. ಇಂಜೆಕ್ಷನ್ ಶುರು ಮಾಡೋ ಮೊದಲು ನಿದ್ದೇಲಿ ಉಸಿರಾಟದ ಪರೀಕ್ಷೆ ಮಾಡಿಸಿ, ಬೆನ್ನುಮೂಳೆ ವಾಲಿದೆಯಾ ನೋಡಿಸಿ.

ಹಾಸನದ ಅಮ್ಮ

ಎಲ್ಲಾ ಓದಿದೆ, ಎರಡೆರಡು ಸಲ. ಅತ್ತಿಗೆಗೂ ಓದಿ ಹೇಳಿದೆ, ಅವರು ಏನೂ ಮಾತಾಡ್ಲಿಲ್ಲ, ಸಂಜೆ ಬಂದು ಇವನ ಕೈಗಾಯಕ್ಕೆ ಅವರೇ ಔಷಧಿ ಹಚ್ಚಿ ಬಟ್ಟೆ ಸುತ್ತಿದ್ರು. ಆಸ್ಪತ್ರೇಲಿ ಸಿಕ್ಕ ಆ ತಾಯಿಗೆ ಫೋನ್ ಮಾಡಿದ್ದೆ. ಅವರು ಹೇಳಿದ್ರು, ನಿಮ್ಮ ಮಗ ಬೆನ್ನು ಸವರಿದ್ದನ್ನ ನನ್ನ ಮಗಳು ಇನ್ನೂ ಕೇಳ್ತಾಳೆ, ಆ ಕೆಂಚುಗೂದಲ ಅಣ್ಣ ಯಾವಾಗ ಬರ್ತಾನೆ ಅಂತ, ದಿನಕ್ಕೆ ಇಪ್ಪತ್ತು ಸಲ. ಅವಳೇ ದೊಡ್ಡವಳು, ಆದ್ರೂ ಅಣ್ಣ ಅಂತಾಳೆ. ಮುಂದಿನ ಚೆಕಪ್ಪಿಗೆ ಇಬ್ಬರೂ ಒಂದೇ ದಿನ ಟೈಮ್ ತಗೊಂಡಿದೀವಿ.

ಧಾರವಾಡ ಅಪ್ಪ

ಕೌನ್ಸೆಲರ್ ಮೇಡಂ ಹೇಳಿದ ಟೆಸ್ಟಿಗೆ ನಂಬರ್ ಹಚ್ಚೇನ್ರಿ, ಬರೂ ಗುರುವಾರ ಬೆಂಗಳೂರಿಗೆ ಮೂರೂ ಮಂದಿ ಹೊಂಟೇವಿ. ಮಂಗಳೂರ ಅಕ್ಕಾರು ಹೇಳಿಧಂಗ ಚೀಟಿ ಬರದು ಗ್ವಾಡಿಗೆ ಹಚ್ಚೇನಿ, ಬಸ್ಸು ರಾತ್ರಿ 9:30ಕ್ಕ, ಊಟ 8ಕ್ಕ ಮನ್ಯಾಗ, ಎರಡು ರೊಟ್ಟಿ, ಬಸ್ಸಿನ್ಯಾಗ ತಿನ್ನೂದಿಲ್ಲ, ಬೆಳಿಗ್ಗೆ ಇಡ್ಲಿ ಎರಡು. ಕಡೀ ಸಾಲಿನ್ಯಾಗ ಬಸ್ಸು ತಡಾ ಆಗಬಹುದು ಅಂತ ಬರದೇನಿ. ಆಕಿ ಓದಿ, ಪೆನ್ಸಿಲ್ ತಗೊಂಡು ಅದರ ಮುಂದ "ಎಷ್ಟು ತಡಾ?" ಅಂತ ಬರದಾಳ್ರಿ.